ಕಲ್ಲಿನ ಬಣ್ಣ ಕಲ್ಲಿನದಾಗಿಯೇ ಉಳಿಯಲಿ: ರಾ ಫೋಟೋಗಳ ಬೆಳಕು, ಬಣ್ಣ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ರಾ ಫೈಲನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ತೆರೆದವರಿಗೆ ನಿರಾಸೆಯಾಗುವುದು ಸಹಜ. ಕ್ಯಾಮೆರಾದ ಪರದೆಯಲ್ಲಿ ಆಕಾಶ ನೀಲಿಯಾಗಿತ್ತು, ಬಂಡೆ ಗಟ್ಟಿಯಾಗಿ ಕಾಣುತ್ತಿತ್ತು; ಇಲ್ಲಿ ಎಲ್ಲವೂ ಮಂಕು. ಫೈಲ್ ಕೆಟ್ಟಿಲ್ಲ. ಪರದೆಯಲ್ಲಿ ಕಂಡದ್ದು ಕ್ಯಾಮೆರಾ ತಾನೇ ಸಿದ್ಧಪಡಿಸಿದ ಜೆಪೆಗ್ ಚಿತ್ರ. ರಾ ಫೈಲಿನಲ್ಲಿರುವುದು ಸೆನ್ಸರ್ ಅಳೆದ ಬೆಳಕಿನ ಲೆಕ್ಕ. ಅದನ್ನು ಚಿತ್ರವಾಗಿಸುವ ತೀರ್ಮಾನಗಳೆಲ್ಲ ನಿಮ್ಮ ಕೈಯಲ್ಲಿವೆ.

ಈ ತೀರ್ಮಾನಗಳಿಗೆ ಒಂದು ಕ್ರಮವಿದೆ. ಮೊದಲು ಬೆಳಕಿನ ಪ್ರಮಾಣ, ಆಮೇಲೆ ಬೆಳಕಿನ ಬಣ್ಣ, ಕೊನೆಗೆ ವಸ್ತುಗಳ ಬಣ್ಣ. ಕ್ರಮ ತಪ್ಪಿದರೆ ಒಂದು ಸ್ಲೈಡರಿನ ಎಡವಟ್ಟನ್ನು ಇನ್ನೊಂದರಿಂದ ಮುಚ್ಚುತ್ತಾ ಹೋಗುತ್ತೀರಿ, ಕೊನೆಗೆ ದುರ್ಗದ ಬಂಡೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಆ ಬಂಡೆ ಮೂಲತಃ ಬೂದು. ಅದರಲ್ಲಿ ತುಸು ಗುಲಾಬಿ, ತುಸು ಕಾವಿ, ಮಳೆನೀರು ಹರಿದಲ್ಲೆಲ್ಲ ಕಪ್ಪು ಪಟ್ಟಿ. ಅಷ್ಟು ನಯವಾದ ವ್ಯತ್ಯಾಸಗಳನ್ನು ಉಳಿಸಿಕೊಳ್ಳಲೆಂದೇ ನಾವು ರಾ ತೆಗೆಯುವುದು.

ಫೈಲಿನೊಳಗೆ ಏನಿದೆ

ಬಹುತೇಕ ಕ್ಯಾಮೆರಾಗಳ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲಿನ ಮೇಲೂ ಒಂದೇ ಬಣ್ಣದ ಸೋಸುಗವಿರುತ್ತದೆ: ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲುಗಳಿಂದ ತಂತ್ರಾಂಶ ಲೆಕ್ಕ ಹಾಕಿ ತುಂಬುತ್ತದೆ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳು. 14 ಬಿಟ್ ರಾ ಫೈಲಿನಲ್ಲಿ 16,384.

ಈ ಮಟ್ಟಗಳು ಸಮವಾಗಿ ಹಂಚಿಕೆಯಾಗಿಲ್ಲ. ಸೆನ್ಸರಿನ ಲೆಕ್ಕ ನೇರ ಅನುಪಾತದ್ದು. ಬೆಳಕು ಎರಡರಷ್ಟಾದರೆ ಸಂಖ್ಯೆಯೂ ಎರಡರಷ್ಟಾಗುತ್ತದೆ. ಬೆಳಕು ಹೀಗೆ ಇಮ್ಮಡಿಯಾಗುವುದನ್ನೇ ಒಂದು ಸ್ಟಾಪ್ ಎನ್ನುತ್ತೇವೆ. ಹಾಗಾಗಿ ಅತ್ಯಂತ ಪ್ರಕಾಶಮಾನವಾದ ಒಂದೇ ಸ್ಟಾಪಿಗೆ ಅರ್ಧಕ್ಕರ್ಧ, ಅಂದರೆ 8,192 ಮಟ್ಟಗಳು ಹೋಗುತ್ತವೆ. ಅದರ ಕೆಳಗಿನದಕ್ಕೆ 4,096, ಅದರ ಕೆಳಗೆ 2,048. ಹೀಗೆ ಇಳಿಯುತ್ತಾ ಎಂಟನೆಯ ಸ್ಟಾಪಿಗೆ ಉಳಿಯುವುದು 64 ಮಾತ್ರ. ಗಾಢ ನೆರಳನ್ನು ಎಳೆದು ಮೇಲಕ್ಕೆ ತಂದಾಗ ಚುಕ್ಕೆಚುಕ್ಕೆಯಾಗಿ ನಾಯ್ಸ್ ಕಾಣಿಸಿಕೊಳ್ಳುವುದು ಅಲ್ಲಿ ಬೆಳಕಿನ ದಾಖಲೆಯೇ ತೆಳುವಾಗಿರುವುದರಿಂದ.

ಮೇಲಿನ ತುದಿಯಲ್ಲಿ ಕಥೆ ಬೇರೆ. ಮೂರೂ ಬಣ್ಣಗಳು ಗರಿಷ್ಠ ಮಿತಿ ಮುಟ್ಟಿ ಸುಟ್ಟುಹೋದ ಬಿಳಿಯನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಒಂದೋ ಎರಡೋ ಬಣ್ಣ ಮಾತ್ರ ಮಿತಿ ಮುಟ್ಟಿದ್ದರೆ ಉಳಿದದ್ದರಿಂದ ಊಹಿಸಿ ತುಂಬಬಲ್ಲದು, ಆದರೆ ಅಲ್ಲಿ ಗುಲಾಬಿ ಅಥವಾ ಬೂದು ಛಾಯೆ ಬರುವುದುಂಟು. ಆದ್ದರಿಂದ ಚಿತ್ರ ತೆಗೆಯುವಾಗಲೇ ಎರಡು ಕೆಲಸ ಮಾಡಿ. ಐಎಸ್‌ಒ (ಸೆನ್ಸರಿನ ಸಂಕೇತವನ್ನು ಕ್ಯಾಮೆರಾ ಎಷ್ಟು ವರ್ಧಿಸಬೇಕೆಂಬ ಅಂಕಿ) ಸಾಧ್ಯವಾದಷ್ಟು ಕಡಿಮೆ ಇಡಿ. ಜೆಪೆಗ್ ಚಿತ್ರದ ಬಣ್ಣ, ಗಾಢತೆ ನಿರ್ಧರಿಸುವ ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ಹಾಕಿ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆಯೆಂದು ತೋರಿಸುವ ನಕ್ಷೆ) ಜೆಪೆಗ್‌ನದ್ದಾದ್ದರಿಂದ, ಸ್ಟೈಲ್ ಗಾಢವಾಗಿದ್ದರೆ ಅದು ಇಲ್ಲದ ಅಪಾಯವನ್ನು ತೋರಿಸುತ್ತದೆ. ದುರ್ಗದ ಮಧ್ಯಾಹ್ನದ ಬಿಸಿಲಿನಲ್ಲಿ ಆಕಾಶದ ಮೋಡವೂ ಸುಣ್ಣ ಬಳಿದ ಗೋಡೆಯೂ ಮಿನುಗು ಎಚ್ಚರಿಕೆ (ಸುಟ್ಟ ಜಾಗ ಪರದೆಯಲ್ಲಿ ಮಿನುಗುವುದು) ಕೊಡದಷ್ಟು ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಶರ್ ಇಳಿಸಿ, ಅದಕ್ಕಿಂತ ಹೆಚ್ಚು ಇಳಿಸಬೇಡಿ.

ಕೆಲಸಕ್ಕೆ ಕೂರುವ ಮೊದಲು

ಕಿಟಕಿಯ ಬೆಳಕು ನೇರವಾಗಿ ಪರದೆಗೆ ಬೀಳದಂತೆ ಕುಳಿತುಕೊಳ್ಳಿ. ಪರದೆಯ ಪ್ರಖರತೆ ಪೂರ್ತಿ ಏರಿಸಿಟ್ಟು ಕೆಲಸ ಮಾಡಿದರೆ ಚಿತ್ರಗಳೆಲ್ಲ ಕಪ್ಪಾಗಿ ಹೊರಬರುತ್ತವೆ. ಮುದ್ರಣದ ಕೆಲಸಕ್ಕೆ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಹೊಳಪಿನ ಅಳತೆ) ಸಾಕು. ಅಳೆಯುವ ಉಪಕರಣವಿಲ್ಲದಿದ್ದರೆ ಒಂದು ಬಿಳಿ ಹಾಳೆಯನ್ನು ಕೋಣೆಯ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು, ಎರಡೂ ಸುಮಾರಾಗಿ ಒಂದೇ ಹೊಳಪಿನಲ್ಲಿ ಕಾಣುವವರೆಗೆ ಪ್ರಖರತೆ ಇಳಿಸಿ. ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಸೌಲಭ್ಯವನ್ನು ಮರೆಯದೆ ಆಫ್ ಮಾಡಿ.

ತಂತ್ರಾಂಶದ ಆಯ್ಕೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಲೈಟ್‌ರೂಮ್‌ಗೆ ಚಂದಾ ಕಟ್ಟಬೇಕು. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಉಚಿತ, ಸಾಮರ್ಥ್ಯದಲ್ಲಿ ಕಡಿಮೆಯೇನಲ್ಲ. ಮೂರರಲ್ಲಿಯೂ ಮೂಲ ಫೈಲ್ ಬದಲಾಗುವುದಿಲ್ಲ. ನಿಮ್ಮ ತಿದ್ದುಪಡಿಗಳು ಸೂಚನೆಗಳಾಗಿ ಪ್ರತ್ಯೇಕವಾಗಿ ಉಳಿಯುತ್ತವೆ. ಇಲ್ಲಿ ನಾನು ಲೈಟ್‌ರೂಮ್‌ನ ಸ್ಲೈಡರ್ ಹೆಸರುಗಳನ್ನು ಬಳಸಿ, ಡಾರ್ಕ್‌ಟೇಬಲ್‌ನಲ್ಲಿ ದಾರಿ ಬೇರೆಯಾಗುವ ಕಡೆ ಅದನ್ನು ಹೇಳುತ್ತೇನೆ.

ಮೊದಲು ಪ್ರೊಫೈಲ್ ಆರಿಸಿ. ಅಡೋಬ್ ಕಲರ್, ಕ್ಯಾಮೆರಾ ಸ್ಟ್ಯಾಂಡರ್ಡ್, ಕ್ಯಾಮೆರಾ ನ್ಯೂಟ್ರಲ್ ಹೀಗೆ ಹಲವಿರುತ್ತವೆ. ಒಂದೇ ಫೈಲಿಗೆ ಇವು ಬೇರೆ ಬೇರೆ ಬಣ್ಣ, ಬೇರೆ ಬೇರೆ ಕಾಂಟ್ರಾಸ್ಟ್ (ಬೆಳಕು ಕತ್ತಲುಗಳ ಅಂತರ) ಕೊಡುತ್ತವೆ. ಎಲ್ಲ ಸ್ಲೈಡರುಗಳೂ ಇದರ ಮೇಲೆ ನಿಲ್ಲುವುದರಿಂದ ಪ್ರೊಫೈಲನ್ನು ನಡುವೆ ಬದಲಾಯಿಸಿದರೆ ಮಾಡಿದ ಕೆಲಸ ಹಾಳು. ಬಿಸಿಲಿನ ಕಲ್ಲಿಗೆ ನಾನು ನ್ಯೂಟ್ರಲ್‌ನಿಂದ ಶುರು ಮಾಡುತ್ತೇನೆ. ಲೆನ್ಸ್ ಪ್ರೊಫೈಲನ್ನೂ ಈಗಲೇ ಹಾಕಿಬಿಡಿ, ಏಕೆಂದರೆ ಅದು ಚಿತ್ರದ ಮೂಲೆಗಳ ಕತ್ತಲನ್ನು ಸರಿಪಡಿಸುತ್ತದೆ.

ಬೆಳಕಿನ ಪ್ರಮಾಣ: ಒನಕೆ ಓಬವ್ವನ ಕಿಂಡಿ

ಕಿಂಡಿಯ ಒಳಗಿನಿಂದ ಹೊರಗಿನ ಬೆಳಕಿನ ಕಡೆಗೆ ಕ್ಯಾಮೆರಾ ತಿರುಗಿಸಿದ ಒಂದು ಚಿತ್ರವನ್ನು ಮುಂದಿಟ್ಟುಕೊಳ್ಳೋಣ. ಎರಡು ಬದಿ ಬಂಡೆ ಕತ್ತಲಲ್ಲಿ, ನಡುವೆ ಸೀಳಿನಲ್ಲಿ ಉರಿಯುವ ಬಿಸಿಲು. ಬೆಳಕಿನ ಸಮಸ್ಯೆಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಎಕ್ಸ್‌ಪೋಶರ್ ಸ್ಲೈಡರ್ ಮುಟ್ಟುವ ಮೊದಲು ಕೇಳಿಕೊಳ್ಳಿ: ಈ ಚಿತ್ರ ಯಾವುದರದ್ದು? ಹೊರಗಿನ ದೃಶ್ಯದ್ದೋ, ಒಳಗಿನ ಕಲ್ಲಿನದೋ? ನನ್ನ ಉತ್ತರ ಕಲ್ಲು. ಹಾಗಾದರೆ ಹೊರಗಿನ ಬಿಸಿಲನ್ನು ಸದ್ಯಕ್ಕೆ ಮರೆತು, ಕಲ್ಲಿನ ಮೈ ಓದುವಷ್ಟು ಕಾಣುವವರೆಗೆ ಎಕ್ಸ್‌ಪೋಶರ್ ಏರಿಸಿ. ಈ ಸ್ಲೈಡರಿನಲ್ಲಿ 1.00 ಎಂದರೆ ಒಂದು ಸ್ಟಾಪ್. ಕಿಂಡಿಯಂಥ ಚಿತ್ರಕ್ಕೆ 0.70ರಿಂದ 1.30ರೊಳಗೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಮೌಸ್ ಇಟ್ಟ ಜಾಗಕ್ಕೆ ಹಿಸ್ಟೋಗ್ರಾಮಿನ ಕೆಳಗೆ ಶೇಕಡಾ ಲೆಕ್ಕದಲ್ಲಿ ಕಾಣುವ ಅಂಕಿಗಳನ್ನೂ ಗಮನಿಸಿ: ನೆರಳಿನ ಕಲ್ಲು 12ರಿಂದ 20, ಬಿಸಿಲಿನ ಕಲ್ಲು 45ರಿಂದ 60 ಇದ್ದರೆ ಕಣ್ಣಿಗೆ ಕಲ್ಲಾಗಿಯೇ ಕಾಣುತ್ತದೆ. ಕಣ್ಣು ಕೆಲವೇ ನಿಮಿಷಗಳಲ್ಲಿ ತಪ್ಪು ಬೆಳಕಿಗೂ ಒಗ್ಗಿಕೊಳ್ಳುತ್ತದೆ, ಅಂಕಿ ಒಗ್ಗಿಕೊಳ್ಳುವುದಿಲ್ಲ.

ಈಗ ಹೈಲೈಟ್ಸ್ ಸ್ಲೈಡರನ್ನು ಎಡಕ್ಕೆ ಎಳೆದು ಹೊರಗಿನ ಬಿಸಿಲನ್ನು ಇಳಿಸಿ. ಶೂನ್ಯಕ್ಕಿಂತ 40ರಿಂದ 70 ಕೆಳಗೆ ಹೋಗಬಹುದು. ಪೂರ್ತಿ 100ಕ್ಕೆ ಒಯ್ದರೆ ಬಿಸಿಲು ಬೂದುಬೂದಾಗಿ, ಬೇಸಿಗೆಯ ಹೊತ್ತು ಮೋಡದ ಹೊತ್ತಿನಂತೆ ಕಾಣುತ್ತದೆ. ಶ್ಯಾಡೋಸ್ ಸ್ಲೈಡರಿನಲ್ಲಿ ಇನ್ನೂ ಹೆಚ್ಚಿನ ಸಂಯಮ ಬೇಕು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದರೆಂದು ಹೇಳುವ ಇಕ್ಕಟ್ಟಿನ ಜಾಗ ಅದು. ಅಲ್ಲಿನ ಕತ್ತಲೆಯೇ ಅಲ್ಲಿನ ಕಥೆ. ಮೂಲೆ ಮೂಲೆಯೂ ಬೆಳಗಿದ ಕಿಂಡಿ ಕಿಂಡಿಯಾಗಿ ಉಳಿಯುವುದಿಲ್ಲ. 20ರಿಂದ 35ರವರೆಗೆ ಏರಿಸಿ ನಿಲ್ಲಿಸಿ.

ಉಳಿದದ್ದು ಎರಡು ತುದಿಗಳು. ವೈಟ್ಸ್ ಸ್ಲೈಡರನ್ನು ಆಲ್ಟ್ ಕೀ ಒತ್ತಿ ಹಿಡಿದು ಎಳೆಯಿರಿ. ಮ್ಯಾಕ್ ಆದರೆ ಆಪ್ಶನ್ ಕೀ. ಪರದೆ ಕಪ್ಪಾಗಿ, ಸುಟ್ಟುಹೋಗುತ್ತಿರುವ ಜಾಗಗಳು ಮಾತ್ರ ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಮೊದಲ ಚುಕ್ಕೆಗಳು ಬಂದೊಡನೆ ತುಸು ಹಿಂದೆ ಸರಿಯಿರಿ. ಬ್ಲ್ಯಾಕ್ಸ್‌ನಲ್ಲಿಯೂ ಹೀಗೆಯೇ, ಅಲ್ಲಿ ಪರದೆ ಬಿಳಿ. ಹಿತ್ತಾಳೆ ಕಳಶದ ಮೇಲೆ ಸೂರ್ಯ ಪ್ರತಿಫಲಿಸಿದ ಬಿಂದು, ಹರಿಯುವ ನೀರಿನ ಮಿಂಚು ಇವು ಸುಟ್ಟುಹೋದರೆ ಚಿಂತೆಯಿಲ್ಲ, ಹೋಗಲೇಬೇಕು. ಗೋಡೆ, ಬಟ್ಟೆ, ಮೋಡ, ಮುಖ ಇವುಗಳಲ್ಲಿ ಬಿಡಬೇಡಿ.

ಡಾರ್ಕ್‌ಟೇಬಲ್ ಬಳಸುವವರು ಎಕ್ಸ್‌ಪೋಶರ್ ಮಾಡ್ಯೂಲಿನಲ್ಲಿ ಕಲ್ಲಿಗೆ ಬೇಕಾದಷ್ಟು ಏರಿಸಿ, ಹೊರಗಿನ ಬಿಸಿಲು ಅತಿಯಾಗಿ ಕಂಡರೂ ಹೆದರದೆ ಮುಂದೆ ಸಾಗಿ. ಅದನ್ನು ಪರದೆಯ ಮಿತಿಯೊಳಗೆ ಇಳಿಸುವ ಕೆಲಸ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಮಾಡ್ಯೂಲಿನದು. ನೆರಳು, ಬಿಸಿಲುಗಳನ್ನು ಪ್ರತ್ಯೇಕವಾಗಿ ಎತ್ತಿ ಇಳಿಸಲು ಟೋನ್ ಈಕ್ವಲೈಸರ್ ಇದೆ. ಅದರಲ್ಲಿ ಅಕ್ಕಪಕ್ಕದ ಬಿಂದುಗಳ ನಡುವೆ ಕಡಿದಾದ ಏರಿಳಿತ ಮಾಡಿದರೆ ಬಂಡೆಯ ಅಂಚಿನಲ್ಲಿ ಪ್ರಭಾವಳಿ ಮೂಡುತ್ತದೆ, ಗೆರೆಯನ್ನು ನಿಧಾನವಾಗಿ ಬಾಗಿಸಿ.

ಬೆಳಕಿನ ಬಣ್ಣ: ವೈಟ್ ಬ್ಯಾಲೆನ್ಸ್

ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ. ದೀಪ, ಬೆಂಕಿಯ ಬೆಳಕು ಸುಮಾರು 1,900. ಹಳೆಯ ತಂತಿಬಲ್ಬು 2,700ರ ಆಸುಪಾಸು. ಮಧ್ಯಾಹ್ನದ ಬಿಸಿಲು 5,200ರಿಂದ 5,500. ಮೋಡ ಕವಿದಾಗ 6,500. ನೀಲಿ ಆಕಾಶವೊಂದೇ ಬೆಳಗುವ ನೆರಳಿನಲ್ಲಿ 7,500ರ ಮೇಲೆ. ಅಂಕಿ ಏರಿದಂತೆ ಬೆಳಕು ನೀಲಿಯಾಗುತ್ತದೆ. ಆದರೆ ತಂತ್ರಾಂಶದಲ್ಲಿ ಅಂಕಿ ಏರಿಸಿದರೆ ಚಿತ್ರ ಹಳದಿಯಾಗುತ್ತದಲ್ಲ ಎಂದು ಗೊಂದಲವಾಗುತ್ತದೆ. ಸ್ಲೈಡರಿನಲ್ಲಿ ನೀವು ಹೇಳುತ್ತಿರುವುದು ಅಲ್ಲಿದ್ದ ಬೆಳಕು ಎಷ್ಟು ನೀಲಿಯಾಗಿತ್ತು ಎಂದು. ಅದನ್ನು ಸರಿದೂಗಿಸಲು ತಂತ್ರಾಂಶ ಹಳದಿ ಸೇರಿಸುತ್ತದೆ. ಇದು ಮನಸ್ಸಿನಲ್ಲಿ ಕೂತರೆ ಸುಮ್ಮನೆ ಅತ್ತಿತ್ತ ಎಳೆದಾಡುವುದು ನಿಲ್ಲುತ್ತದೆ. ಚಿತ್ರ ತೆಗೆದ ಜಾಗವನ್ನು ನೆನೆಯಿರಿ: ಬಿಸಿಲಿನಲ್ಲಿದ್ದಿರೋ, ನೆರಳಿನಲ್ಲೋ? ಆ ಅಂಕಿಯಿಂದ ಶುರು ಮಾಡಿ.

ಬಣ್ಣ ಹೀರುವ ಡ್ರಾಪರ್ ಉಪಕರಣವನ್ನು ಬೂದು ವಸ್ತುವಿನ ಮೇಲೆ ಒತ್ತಿದರೆ ತಂತ್ರಾಂಶ ತಾನೇ ಅಂಕಿ ಹುಡುಕುತ್ತದೆ. ಒತ್ತುವುದು ಯಾವುದರ ಮೇಲೆ ಎಂಬುದೇ ಪ್ರಶ್ನೆ. ನಮ್ಮ ಕಡೆ ಬಿಳಿ ಎಂದೊಡನೆ ಕೈ ಹೋಗುವುದು ಪಂಚೆಯ ಮೇಲೆ. ಒಗೆಯುವಾಗ ನೀಲಿ ಹಾಕಿದ ಪಂಚೆ ನಿಜಕ್ಕೂ ನೀಲಿ ಛಾಯೆಯದು. ಅದರ ಮೇಲೆ ಒತ್ತಿದರೆ ಇಡೀ ಚಿತ್ರ ಹಳದಿಗೆ ವಾಲುತ್ತದೆ. ಅಚ್ಚ ಬಿಳಿ ಕಾಗದದಲ್ಲಿಯೂ ಹೊಳಪು ಕೊಡುವ ರಾಸಾಯನಿಕವಿರುವುದರಿಂದ ಬಿಸಿಲಿನಲ್ಲಿ ಅದು ನೀಲಿ ಸೂಸುತ್ತದೆ. ಸುಣ್ಣದ ಗೋಡೆ ಹಳೆಯದಾದಂತೆ ಹಳದಿ. ದುರ್ಗದ ಬಂಡೆಯ ಮೇಲೆ ಒತ್ತಿದರೆ ಅದರ ಗುಲಾಬಿ ಅಂಶವೇ ಮಾಯವಾಗಿ ಸಿಮೆಂಟಿನಂತಾಗುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯದ ಕಂಬಗಳಂಥ ಬಳಪದ ಕಲ್ಲಿಗೆ ತನ್ನದೇ ಹಸಿರು ಛಾಯೆಯಿದೆ. ಅದನ್ನು ಬೂದು ಎಂದು ತಿಳಿಸಿದರೆ ಪಕ್ಕದಲ್ಲಿ ನಿಂತವರ ಮುಖ ಕೆಂಪಾಗುತ್ತದೆ.

ಆದ್ದರಿಂದ ಕ್ಯಾಮೆರಾ ಚೀಲದಲ್ಲಿ ಒಂದು ಬೂದು ಕಾರ್ಡ್ ಇರಲಿ. ಬೆಳಕು ಬದಲಾದ ಪ್ರತಿ ಜಾಗದಲ್ಲೂ ಅದನ್ನು ಹಿಡಿದು ಒಂದು ಚಿತ್ರ ತೆಗೆಯಿರಿ, ಅದರಿಂದ ಅಂಕಿ ಪಡೆದು ಆ ಸಾಲಿನ ಎಲ್ಲ ಚಿತ್ರಗಳಿಗೂ ನಕಲಿಸಿ. ಕಾರ್ಡ್ ಇಲ್ಲದಿದ್ದರೆ ಮೂರ್ನಾಲ್ಕು ಕಡೆ ಒತ್ತಿ ನೋಡಿ, ಅಂಕಿಗಳು ಒಂದೆಡೆ ಸೇರುವ ಜಾಗದಲ್ಲಿ ನಿಲ್ಲಿ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬರೀ ಟಿಪ್ಪಣಿಯಾಗಿ ಇರುವುದರಿಂದ ಎಷ್ಟು ಸಲ ಬದಲಾಯಿಸಿದರೂ ನಷ್ಟವಿಲ್ಲ.

ಕೆಲ್ವಿನ್ ಪಕ್ಕದ ಟಿಂಟ್ ಸ್ಲೈಡರ್ ಹಸಿರು ಮತ್ತು ಮಜೆಂಟಾ (ನೇರಳೆಗೆಂಪು) ಬಣ್ಣಗಳ ನಡುವಿನದು. ಚನ್ನಗಿರಿ ಕಡೆಯ ಅಡಿಕೆ ತೋಟದೊಳಗೆ ತೆಗೆದ ಚಿತ್ರಗಳಿಗೆ ಇದು ಬೇಕೇ ಬೇಕು. ಎಲೆಗಳಿಂದ ಸೋಸಿ ಬಂದ ಬೆಳಕು ಮುಖಗಳಿಗೆ ಹಸಿರು ಬಳಿದಿರುತ್ತದೆ. ಮಜೆಂಟಾ ಕಡೆಗೆ 8ರಿಂದ 15 ಸರಿಸಿ, ಮುಖ ಮಾತ್ರ ನೋಡುತ್ತಾ ನಿಲ್ಲಿಸಿ. ಎಲೆಯನ್ನು ನೋಡಿದರೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ.

ಸಂಜೆಯ ಬೆಳಕನ್ನು ಸರಿಪಡಿಸಲು ಹೋಗಬೇಡಿ. ಸೂರ್ಯ ಇಳಿಯುವಾಗ ಕೋಟೆಯ ಬತ್ತೇರಿಗಳು ಹೊಂಬಣ್ಣಕ್ಕೆ ತಿರುಗುವುದು ನಿಜ. ಡ್ರಾಪರ್ ಒತ್ತಿ ಅದನ್ನು ಮಧ್ಯಾಹ್ನ ಮಾಡಿದರೆ ಚಿತ್ರ ತೆಗೆದ ಹೊತ್ತೇ ಅಳಿಸಿಹೋಗುತ್ತದೆ. 5,200ಕ್ಕೆ ಇಟ್ಟು ಸುಮ್ಮನಿದ್ದರೆ ಸಂಜೆ ಸಂಜೆಯಾಗಿಯೇ ಬರುತ್ತದೆ.

ಇಷ್ಟಾದ ಮೇಲೆ ಮತ್ತೆ ಎಕ್ಸ್‌ಪೋಶರ್‌ಗೆ ಮರಳಿ. ವೈಟ್ ಬ್ಯಾಲೆನ್ಸ್ ಎಂದರೆ ಕೆಂಪು ಮತ್ತು ನೀಲಿ ಅಂಕಿಗಳನ್ನು ಗುಣಿಸುವುದು; ಅದು ಬದಲಾದಾಗ ಹಿಸ್ಟೋಗ್ರಾಮಿನ ಬಲತುದಿಯೂ ಸರಿದಿರುತ್ತದೆ. ನೆರಳಿನ ಚಿತ್ರವನ್ನು 7,500ಕ್ಕೆ ಒಯ್ದಾಗ ಕೆಂಪು ಮಿತಿ ಮುಟ್ಟುವುದು ಸಾಮಾನ್ಯ. 0.10ರಿಂದ 0.20ರಷ್ಟು ಇಳಿಸಿದರೆ ಸರಿಹೋಗುತ್ತದೆ.

ಕಾಂಟ್ರಾಸ್ಟ್ ಬಗ್ಗೆ ಎರಡು ಮಾತು

ಕಾಂಟ್ರಾಸ್ಟ್ ಸ್ಲೈಡರಿಗಿಂತ ಕತ್ತಲಿನಿಂದ ಬೆಳಕಿನವರೆಗಿನ ಹೊಳಪನ್ನು ಒಂದು ಗೆರೆ ಬಾಗಿಸಿ ತಿದ್ದುವ ಟೋನ್ ಕರ್ವ್ ಒಳ್ಳೆಯದು, ಎಲ್ಲಿ ಎಷ್ಟು ಎಂದು ನೀವೇ ಹೇಳಬಹುದು. ನಡುವಿನ ಗೆರೆಯನ್ನು ಸ್ವಲ್ಪವೇ ಕಡಿದಾಗಿಸಿ. ಕರ್ವ್ ಏರಿಸಿದಾಗ ಬಣ್ಣವೂ ಗಾಢವಾಗುವುದರಿಂದ ಇದನ್ನು ಮುಗಿಸಿದ ನಂತರವೇ ಬಣ್ಣದ ಸ್ಲೈಡರುಗಳಿಗೆ ಹೋಗಬೇಕು. ಅಂಚು, ಮೈಗೆರೆಗಳನ್ನು ಗಟ್ಟಿಯಾಗಿಸುವ ಕ್ಲಾರಿಟಿ, ಮಬ್ಬು ತೆಗೆಯುವ ಡಿಹೇಜ್ ಇವು ಬಂಡೆಯ ಮೇಲೆ ಬಹಳ ಆಕರ್ಷಕ. 15 ದಾಟಿಸಬೇಡಿ, ಮುಖದ ಮೇಲಂತೂ ಬೇಡವೇ ಬೇಡ.

ವಸ್ತುಗಳ ಬಣ್ಣ

ಹಿಂದಿನ ಹಂತಗಳು ಸರಿಯಾಗಿದ್ದರೆ ಇಲ್ಲಿ ಮಾಡುವ ಕೆಲಸ ಅಲ್ಪ. ಸ್ಯಾಚುರೇಶನ್ ಎಲ್ಲ ಬಣ್ಣಗಳನ್ನೂ ಸಮನಾಗಿ ಏರಿಸುತ್ತದೆ. ವೈಬ್ರೆನ್ಸ್ ಮಂಕಾದವುಗಳನ್ನು ಹೆಚ್ಚು, ಈಗಾಗಲೇ ಗಾಢವಾದವುಗಳನ್ನು ಕಡಿಮೆ ಏರಿಸುತ್ತದೆ, ಚರ್ಮದ ಬಣ್ಣಕ್ಕೂ ಅಷ್ಟಾಗಿ ಕೈ ಹಾಕುವುದಿಲ್ಲ. ವೈಬ್ರೆನ್ಸ್ 10ರಿಂದ 15 ಸಾಕು. ಆಮೇಲೆ ಒಂದೊಂದೇ ಬಣ್ಣದ ಛಾಯೆ, ಗಾಢತೆ, ಹೊಳಪುಗಳನ್ನು ಪ್ರತ್ಯೇಕವಾಗಿ ತಿದ್ದುವ ಎಚ್‌ಎಸ್‌ಎಲ್ ಫಲಕ.

ಭದ್ರಾ ನಾಲೆಯ ನೀರು ಕಾಣುವ ಹರಿಹರ, ದಾವಣಗೆರೆ ಸುತ್ತಲ ಭತ್ತದ ಗದ್ದೆಗಳ ಹಸಿರಿನಲ್ಲಿ ಹಳದಿ ಸಾಕಷ್ಟಿರುತ್ತದೆ. ತಂತ್ರಾಂಶವೂ ಅದರ ದೊಡ್ಡ ಪಾಲನ್ನು ಹಳದಿ ಎಂದೇ ಲೆಕ್ಕ ಹಾಕುತ್ತದೆ. ಗದ್ದೆ ಮಂಕಾಗಿ ಕಂಡಾಗ ಹಸಿರು ಸ್ಲೈಡರ್ ಎಳೆದರೆ ಏನೂ ಆಗದಿರಲು ಕಾರಣ ಇದೇ. ಹಳದಿಯ ಗಾಢತೆಯನ್ನು ತುಸು ಏರಿಸಿ ನೋಡಿ. ಎಲ್ಲವನ್ನೂ ನೀಲಿ ಮಿಶ್ರಿತ ಹಸಿರಿಗೆ ತಿರುಗಿಸುವ ಸಿದ್ಧ ಫಿಲ್ಟರುಗಳು ಕಟಾವಿಗೆ ಬಂದ ಪೈರನ್ನೂ ನಾಟಿ ಮಾಡಿದ ವಾರದ ಪೈರನ್ನೂ ಒಂದೇ ಮಾಡಿಬಿಡುತ್ತವೆ.

ಜಾತ್ರೆಯ ಕುಂಕುಮ, ಕೆಂಪು ಸೀರೆಗಳಲ್ಲಿ ನೆರಿಗೆಗಳೇ ಕಾಣದೆ ಒಂದು ಕೆಂಪು ಮುದ್ದೆಯಾಗಿದ್ದರೆ ಕೆಂಪಿನ ಗಾಢತೆಯನ್ನು 10, ಹೊಳಪನ್ನು 10 ಇಳಿಸಿ. ನೆರಿಗೆಗಳು ಮರಳಿ ಮೂಡುತ್ತವೆ, ಏಕೆಂದರೆ ರಾ ಫೈಲಿನಲ್ಲಿ ಅವು ಇದ್ದವು. ಪರದೆಯ ಬಣ್ಣದ ಮಿತಿಗೆ ಹಿಡಿಸಿರಲಿಲ್ಲ ಅಷ್ಟೇ. ದುರ್ಗದ ಸುತ್ತಲ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಚಿತ್ರದಲ್ಲಿ ಆಕಾಶದ ನೀಲಿಯ ಹೊಳಪನ್ನು ಅತಿಯಾಗಿ ಇಳಿಸಿದರೆ ರೆಕ್ಕೆಗಳ ಅಂಚಿಗೆ ಬಿಳಿ ಗೆರೆ, ಆಕಾಶದಲ್ಲಿ ನಾಯ್ಸ್ ಎರಡೂ ಬರುತ್ತವೆ.

ಮುಖಗಳ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮದುವೆಯ ಆಲ್ಬಮ್ಮುಗಳಲ್ಲಿ ವಧುವಿನ ಮುಖವನ್ನು ಬೆಳ್ಳಗೆ ಮಾಡಿ ಕೊಡುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಬೇಕು. ಕಿತ್ತಳೆಯ ಹೊಳಪನ್ನು ಏರಿಸಿದಾಗ ಮುಖದ ಉಬ್ಬು ತಗ್ಗುಗಳು ಕರಗಿ ಹಿಟ್ಟು ಬಳಿದಂತಾಗುತ್ತದೆ, ಕೈ ಮಾತ್ರ ಕಂದಾಗಿಯೇ ಉಳಿಯುತ್ತದೆ. ಕಂದು ಚರ್ಮದಲ್ಲಿ ಕೆಂಪು ಅಂಕಿ ಎಲ್ಲಕ್ಕಿಂತ ಹೆಚ್ಚು, ನಂತರ ಹಸಿರು, ನೀಲಿ ಎಲ್ಲಕ್ಕಿಂತ ಕಡಿಮೆ. ಈ ಕ್ರಮ ಸರಿಯಿದ್ದು, ಹಣೆಯ ಮೇಲಿನ ಹೊಳಪು ಸುಟ್ಟುಹೋಗದೆ ಇದ್ದರೆ ಆ ಮುಖ ಸುಂದರವಾಗಿಯೇ ಇದೆ.

ಎರಡು ಬೆಳಕು ಒಂದೇ ಚಿತ್ರದಲ್ಲಿ: ಮಂಡಕ್ಕಿ ಭಟ್ಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಒಳಗೆ ಒಲೆಯ ಬೆಂಕಿ ಕಿತ್ತಳೆ, ಬಾಗಿಲಿನಿಂದ ಬರುವ ಹಗಲು ನೀಲಿ, ಮೇಲೆ ಟ್ಯೂಬ್‌ಲೈಟ್ ಇದ್ದರೆ ಅದರದ್ದೊಂದು ಹಸಿರು. ಯಾವ ಒಂದು ಕೆಲ್ವಿನ್ ಅಂಕಿಯೂ ಇವೆಲ್ಲಕ್ಕೆ ಹೊಂದುವುದಿಲ್ಲ. ಹುರಿಯುತ್ತಿರುವವರ ಮುಖದ ಮೇಲೆ ಬಿದ್ದಿರುವ ಬೆಳಕು ಯಾವುದೋ ಅದಕ್ಕೆ ಇಡೀ ಚಿತ್ರವನ್ನು ಹೊಂದಿಸಿ. ಬೆಂಕಿ ಮತ್ತು ಹಗಲು ಬೆರೆತಿದ್ದರೆ 3,600ರಿಂದ 4,200ರ ನಡುವೆ ಎಲ್ಲೋ ಸಿಗುತ್ತದೆ. ಆಗ ಬಾಗಿಲ ಬದಿ ಕಡುನೀಲಿಯಾಗುತ್ತದೆ. ಅದರ ಮೇಲೆ ತಿದ್ದುಪಡಿಯನ್ನು ಆ ಜಾಗಕ್ಕೆ ಮಾತ್ರ ಸೀಮಿತಗೊಳಿಸುವ ಬ್ರಷ್ ಮಾಸ್ಕ್ ಬಳಿದು, ಮಾಸ್ಕಿನ ಅಂಚನ್ನು ಅಗಲವಾಗಿ ಮೃದುವಾಗಿಸಿ, ನೀಲಿಯನ್ನು ಅರ್ಧದಷ್ಟು ಮಾತ್ರ ತೆಗೆಯಿರಿ. ಪೂರ್ತಿ ತೆಗೆದರೆ ಒಳಗೂ ಹೊರಗೂ ಒಂದೇ ಬೆಳಕಾಗಿ ಬೆಂಕಿಯ ಬಿಸಿ ಚಿತ್ರದಿಂದ ಹೊರಟುಹೋಗುತ್ತದೆ. ಹೊಗೆಯನ್ನು ಡಿಹೇಜ್‌ನಿಂದ ಒರೆಸಬೇಡಿ, ಬೆಳಕಿನ ಕೋಲುಗಳು ಕಾಣುವುದು ಅದರಿಂದಲೇ. ಜ್ವಾಲೆಯ ನಡುಭಾಗ ಬಿಳಿಯಾಗಿದ್ದರೂ ಸರಿ, ಅಂಚು ಕಿತ್ತಳೆಯಾಗಿರಲಿ.

ಮಾಸ್ಕುಗಳಲ್ಲಿ ಇನ್ನೊಂದು ಎಚ್ಚರ. ಸಂತೆಬೆನ್ನೂರಿನ ಪುಷ್ಕರಣಿಯಂಥ ಕಡೆ ನೀರಿನಲ್ಲಿ ಮಂಟಪದ ಬಿಂಬ ಬಿದ್ದಿರುತ್ತದೆ. ಆಕಾಶ ಇಳಿಸಲು ಮೇಲಿನಿಂದ ಗ್ರೇಡಿಯಂಟ್ (ಕ್ರಮೇಣ ಮಾಸಿಹೋಗುವ ಮಾಸ್ಕ್) ಎಳೆದು, ಬಿಂಬವನ್ನು ಹಾಗೆಯೇ ಬಿಟ್ಟರೆ ನೀರು ಆಕಾಶಕ್ಕಿಂತ ಬೆಳಗುತ್ತದೆ. ಬಿಂಬ ಯಾವಾಗಲೂ ಮೂಲಕ್ಕಿಂತ ಮಂಕು. ನೀರಿನ ಮೇಲೂ ಇನ್ನೊಂದು ಗ್ರೇಡಿಯಂಟ್ ಹಾಕಿ, ಆಕಾಶಕ್ಕಿಂತ ಅರ್ಧ ಸ್ಟಾಪ್ ಕೆಳಗಿಡಿ.

ಹೊರತೆಗೆಯುವುದು, ಮುದ್ರಿಸುವುದು

ಮೊಬೈಲ್, ವಾಟ್ಸ್ಆ್ಯಪ್‌ಗಳಿಗೆ ಎಸ್‌ಆರ್‌ಜಿಬಿ ಬಣ್ಣ ವ್ಯವಸ್ಥೆಯಲ್ಲಿ, ಉದ್ದದ ಬದಿ 2,048 ಪಿಕ್ಸೆಲ್, ಗುಣಮಟ್ಟ 85 ಇಟ್ಟು ಜೆಪೆಗ್ ಮಾಡಿ. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಅದನ್ನು ಅರ್ಥಮಾಡಿಕೊಳ್ಳದ ಪರದೆಗಳಲ್ಲಿ ಬಣ್ಣ ಸೊರಗುತ್ತದೆ.

12x18 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್‌ನಂತೆ 3,600x5,400 ಬೇಕು. ಲ್ಯಾಬಿನವರನ್ನು ಯಾವ ಬಣ್ಣ ವ್ಯವಸ್ಥೆ ಬೇಕೆಂದು ಕೇಳಿ, ಅವರ ಯಂತ್ರದ ತಾನೇ ತಿದ್ದುವ ಸೌಲಭ್ಯವನ್ನು ಆಫ್ ಮಾಡಲು ಹೇಳಿ; ಇಲ್ಲದಿದ್ದರೆ ಕಿಂಡಿಯ ಕತ್ತಲೆಯನ್ನು ಯಂತ್ರ ತನ್ನ ಲೆಕ್ಕದಲ್ಲಿ ಬೆಳಗಿಸಿಬಿಡುತ್ತದೆ. ದೊಡ್ಡದನ್ನು ಮುದ್ರಿಸುವ ಮೊದಲು 4x6 ಅಳತೆಯ ಒಂದು ಮಾದರಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲಿನ ಬಳಿ ಹಗಲು ಬೆಳಕಿನಲ್ಲಿ ನೋಡಿ. ನೆರಳು ಮುಚ್ಚಿಹೋಗಿದ್ದರೆ ತಂತ್ರಾಂಶದಲ್ಲಿ ವರ್ಚುವಲ್ ಕಾಪಿ (ಅದೇ ಫೈಲಿಗೆ ಇನ್ನೊಂದು ಪ್ರತ್ಯೇಕ ತಿದ್ದುಪಡಿ) ಮಾಡಿಕೊಂಡು, ಅದರಲ್ಲಿ ಮಾತ್ರ ಎಕ್ಸ್‌ಪೋಶರನ್ನು 0.20ರಿಂದ 0.30 ಏರಿಸಿ, ಮುದ್ರಣದ ಪ್ರತಿ ಎಂದು ಹೆಸರಿಡಿ. ರಾ ಫೈಲುಗಳನ್ನು ಬೇರೆ ಡಿಸ್ಕಿಗೆ ಸಾಗಿಸುವಾಗ ಜೊತೆಯಲ್ಲಿರುವ ಎಕ್ಸ್‌ಎಂಪಿ ಫೈಲುಗಳನ್ನೂ ಸೇರಿಸಿ; ತಿದ್ದುಪಡಿಯ ಸೂಚನೆಗಳು ಅವುಗಳಲ್ಲಿವೆ. ಲೈಟ್‌ರೂಮ್‌ನಲ್ಲಿ ಅವು ತಾವಾಗಿ ಬರೆಯಲ್ಪಡಬೇಕಾದರೆ ಸೆಟ್ಟಿಂಗ್‌ನಲ್ಲಿ ಆ ಆಯ್ಕೆಗೆ ಗುರುತು ಹಾಕಿರಬೇಕು.